ಕಚ್ಚದ ಹುಳಗಳ ಲೆಕ್ಕ

ಹುಳಕ್ಕೆ ಹಲ್ಲಿದೆ ಅಂದರೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು. "ಮತ್ತೆ ಬ್ರಷ್ಷು ಯಾರು ಕೊಡಿಸ್ತಾರೆ ಮೇಡಂ?" ಅಂತ ಕನ್ನಡದ ಮೇಷ್ಟ್ರು ಕೇಳುತ್ತಿದ್ದರು. ನಾನೂ ನಕ್ಕು ಟೀ ಕುಡಿದು ಎದ್ದು ಹೋಗುತ್ತಿದ್ದೆ. ಆದರೆ ಅದಕ್ಕೆ ಹಲ್ಲಿರುವುದು ನಿಜ. ಒಂದು ಮಿಲಿಮೀಟರ್ ಉದ್ದದ ದುಂಡುಹುಳ, ಬರಿಗಣ್ಣಿಗೆ ಬಿಳಿ ದಾರದ ಚೂರಿನಷ್ಟು ಕಾಣುತ್ತದೆ. ಪಕ್ಕದಲ್ಲಿ ಬೇರೆ ಜಾತಿಯ ಹುಳದ ಮರಿ ಸುಳಿದರೆ ಬಾಯಿ ಹಾಕಿ, ಹಲ್ಲಿನಿಂದ ಸೀಳಿ, ಒಳಗಿನ ರಸವನ್ನು ಹೀರಿಬಿಡುತ್ತದೆ. ಬೇಟೆ ಇಲ್ಲದ ದಿನ ಬ್ಯಾಕ್ಟೀರಿಯಾ ಕುಡಿದುಕೊಂಡು ಪರಮ ಸಾಧುವಿನ ಹಾಗೆ ಓಡಾಡಿಕೊಂಡಿರುತ್ತದೆ. ಈಗ ಕಚ್ಚು, ಈಗ ಬರೀ ಕುಡಿ ಅಂತ ಅದಕ್ಕೆ ಒಳಗಿನಿಂದ ಹೇಳುವವರು ಯಾರು? ಇದೊಂದು ಪ್ರಶ್ನೆಯ ಹಿಂದೆ ನಾನು ಐದು ವರ್ಷ ಬಿದ್ದಿದ್ದೆ. ಸಾಗರದಲ್ಲಿ ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಹುಳ.

ಅದರ ಗಂಟಲಲ್ಲಿ ಇಪ್ಪತ್ತು ನರಕೋಶಗಳಿವೆ. ಬ್ಯಾಕ್ಟೀರಿಯಾ ಬಿಟ್ಟು ಇನ್ನೇನೂ ತಿನ್ನದ ಅದರ ದಾಯಾದಿ ಹುಳವೊಂದಿದೆ, ಅದರ ಗಂಟಲಲ್ಲೂ ಅವೇ ಇಪ್ಪತ್ತು. ಕೋಶಗಳಲ್ಲಿ ವ್ಯತ್ಯಾಸವಿಲ್ಲ, ಯಾವುದು ಯಾವುದಕ್ಕೆ ಸೇರಿದೆ ಅನ್ನುವುದರಲ್ಲಿ ಇದೆ. ಒಬ್ಬನೇ ಎಲೆಕ್ಟ್ರಿಷಿಯನ್ ಎರಡು ಮನೆಗೆ ಒಂದೇ ಥರದ ಸ್ವಿಚ್ ಹಾಕಿಕೊಟ್ಟು, ಒಂದು ಮನೆಯಲ್ಲಿ ಒತ್ತಿದರೆ ಫ್ಯಾನು, ಇನ್ನೊಂದರಲ್ಲಿ ಒತ್ತಿದರೆ ಮಿಕ್ಸಿ ತಿರುಗಿದ ಹಾಗೆ. ಈ ವೈರಿಂಗಿನ ನಕ್ಷೆಯನ್ನು ಹೊರದೇಶದ ವಿಜ್ಞಾನಿಗಳು ಆಗಲೇ ಮಾಡಿಟ್ಟಿದ್ದರು. ನಕ್ಷೆ ನೋಡಿ ನೋಡಿ ನನ್ನ ಕಣ್ಣು ಒಂದು ಜೋಡಿ ಕೋಶದ ಮೇಲೆ ನಿಂತಿತ್ತು. ಕಚ್ಚುವ ಹುಳದಲ್ಲಿ ಆ ಜೋಡಿ ಹಲ್ಲಿನ ಸ್ನಾಯುವಿನ ಕಡೆ ತಿರುಗಿದೆ, ಅದರ ಸಾಧು ದಾಯಾದಿಯಲ್ಲಿ ಹಾಗಿಲ್ಲ. ಆ ಎರಡು ಕೋಶಗಳನ್ನು ಲೇಸರಿನಿಂದ ಸುಟ್ಟರೆ ಹುಳ ಕಚ್ಚುವುದನ್ನು ಬಿಡಬೇಕು, ಕುಡಿಯುವುದನ್ನು ಬಿಡಬಾರದು. ಇದು ನನ್ನ ಊಹೆ. ಪಿಎಚ್‌ಡಿಯ ಮುಖ್ಯ ಅಧ್ಯಾಯವೂ ಇದೇ.

ಹುಳ ನಮ್ಮದೇ ಸೀಮೆಯದು. ಈ ಜಾತಿಯ ಹುಳ ದುಂಬಿಯ ಮೈಮೇಲೆ ನಿದ್ದೆ ಮಾಡಿಕೊಂಡಿರುತ್ತದೆ, ದುಂಬಿ ಸತ್ತ ಮೇಲೆ ಎದ್ದು ಊಟಕ್ಕೆ ಕೂರುತ್ತದೆ. ಮೊದಲ ಮಳೆ ಬಿದ್ದು ಗೊಣ್ಣೆಹುಳದ ದುಂಬಿಗಳು ನೆಲದಿಂದ ಏಳುವ ವಾರ ತೀರ್ಥಹಳ್ಳಿ ತಾಲ್ಲೂಕೆಲ್ಲ ಸುತ್ತಿ ಡಬ್ಬಿ ತುಂಬಿಸಿಕೊಂಡು ಬಂದಿದ್ದೆವು. ಅರಳಸುರಳಿಯ ಒಂದು ದುಂಬಿಯಿಂದ ಎದ್ದ ಹುಳ ಎಲ್ಲಕ್ಕಿಂತ ಹೆಚ್ಚು ಕಚ್ಚುತ್ತಿತ್ತು. ಆ ತಳಿಗೆ ಅರಳಸುರಳಿ ಅಂತಲೇ ಹೆಸರಿಟ್ಟೆವು.

"ಹೆಸರಿಟ್ಟೆವು" ಅಂದೆನಲ್ಲ, ನನ್ನ ಜೊತೆಗಿದ್ದವರು ಅಕ್ಕ. ಕಾಲೇಜಿನವರು ಪ್ರಯೋಗಾಲಯಕ್ಕೆ ಅಂತ ತಾತ್ಕಾಲಿಕವಾಗಿ ತೆಗೆದುಕೊಂಡಿದ್ದ ಸಹಾಯಕಿ. ನನಗಿಂತ ಹತ್ತು ವರ್ಷ ದೊಡ್ಡವರು, ಓದಿದ್ದು ಏಳನೇ ಕ್ಲಾಸು. ಅದಕ್ಕೆ ಮೊದಲು ಬಹಳ ವರ್ಷ ಮಂಡಿಯಲ್ಲಿ ಅಡಿಕೆ ಆರಿಸುತ್ತಿದ್ದರು. ಮುಂದೆ ಸುರಿದ ಗುಡ್ಡೆಯಿಂದ ರಾಶಿ, ಬೆಟ್ಟೆ, ಗೊರಬಲು ಅಂತ ದರ್ಜೆ ಬೇರೆ ಮಾಡುವ ಕೆಲಸ. ರಾಶಿ ಅಂದರೆ ಒಳ್ಳೆಯ ಮಾಲು, ಗೊರಬಲು ಅಂದರೆ ಕಳಪೆ. ಹುಳ ಎತ್ತುವುದಕ್ಕೆ ನಾವು ಕಡ್ಡಿಯ ತುದಿಗೆ ಒಂದು ರೆಪ್ಪೆಗೂದಲು ಅಂಟಿಸಿ ಇಟ್ಟುಕೊಳ್ಳುತ್ತೇವೆ. ಸೂಕ್ಷ್ಮದರ್ಶಕದ ಕೆಳಗೆ ಆ ಕೂದಲಿನಿಂದ ಹುಳವನ್ನು ನೋವಾಗದ ಹಾಗೆ ಎತ್ತಿ ಇನ್ನೊಂದು ತಟ್ಟೆಗೆ ಬಿಡಬೇಕು. ನನಗದು ಕೈಗೆ ಹತ್ತಲು ಒಂದು ತಿಂಗಳು ಹಿಡಿದಿತ್ತು. ಅಕ್ಕ ಒಂದು ಬೆಳಿಗ್ಗೆಯಲ್ಲಿ ಕಲಿತರು. ಕಾಫಿ ಹೊತ್ತಿಗೆ ಬಂದು ನೋಡಿದರೆ ಸಾಲಾಗಿ ಹನ್ನೆರಡು ತಟ್ಟೆ, ತಟ್ಟೆಗೊಂದು ಹುಳ.

"ಎಂತ ಮಹಾ ಮೇಡಂ, ಅಡಿಕೆ ಆದ್ರೆ ಉರುಳಿ ಹೋಗ್ತದೆ. ಇದು ಪಾಪ, ಕೈಗೆ ಬರ್ತದೆ" ಅಂದರು.

ಕೆಲಸದ ಕ್ರಮ ಹೀಗಿತ್ತು. ಲೇಸರ್ ಇರುವುದು ಬೆಂಗಳೂರಿನಲ್ಲಿ. ಶನಿವಾರ ಹೋಗಿ, ಹುಳದ ಮರಿಗಳನ್ನು ಅರಿವಳಿಕೆ ಹಾಕಿದ ಅಗರ್ ಜೆಲ್ಲಿಯ ತೆಳು ಹಾಳೆಯ ಮೇಲೆ ಮಲಗಿಸಿ, ಆ ಜೋಡಿ ಕೋಶ ಹುಡುಕಿ ಸುಡುವುದು. ಒಂದೊಂದಕ್ಕೂ ಕಾಲು ಗಂಟೆ ಹಿಡಿಯುತ್ತದೆ. ಎರಡು ದಿನ ಕತ್ತು ಬಗ್ಗಿಸಿ ಕೂತರೂ ಬದುಕಿ ಉಳಿಯುವುದು ಹದಿನೆಂಟೋ ಇಪ್ಪತ್ತೋ. ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಅವುಗಳಿಗೂ ಅದೇ ಅರಿವಳಿಕೆ, ಅದೇ ಹಾಳೆ, ಲೇಸರ್ ಮಾತ್ರ ಇಲ್ಲ. ಅವನ್ನು ಮಲಗಿಸಿ ಎಬ್ಬಿಸುವುದಷ್ಟೇ, ಹಾಗಾಗಿ ನೂರಾರು ಸಿಗುತ್ತವೆ. ಎರಡೂ ಗುಂಪನ್ನು ತಟ್ಟೆಗಳಲ್ಲಿಟ್ಟು, ತಟ್ಟೆಗಳನ್ನು ಟಿಫಿನ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಸಾಗರಕ್ಕೆ. ಬುಧವಾರಕ್ಕೆ ಮರಿಗಳು ಬೆಳೆದು ದೊಡ್ಡವಾಗಿರುತ್ತವೆ. ಆಗ ಅಕ್ಕ ಒಂದೊಂದನ್ನೇ ಬೇಟೆಯ ತಟ್ಟೆಗೆ ಬಿಟ್ಟು, ತಟ್ಟೆಗೆ ಬರೀ ನಂಬರ್ ಬರೆದು ನನಗೆ ಕೊಡುವರು. ಯಾವ ನಂಬರು ಯಾವ ಗುಂಪು ಅಂತ ನನಗೆ ಗೊತ್ತಿರಬಾರದು, ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಹತ್ತು ನಿಮಿಷ ನೋಡುವುದು, ಕಚ್ಚಿದಾಗೆಲ್ಲ ಕೈಯಲ್ಲಿರುವ ಕೌಂಟರ್ ಒತ್ತುವುದು. ಎಲ್ಲ ಮುಗಿದ ಮೇಲೆ ಅಕ್ಕನ ಪಟ್ಟಿ ತೆಗೆದು ತಾಳೆ ನೋಡುವುದು.

ಮೊದಲ ಮೂರು ಸಲ ಬಂದ ಫಲಿತಾಂಶ ನೋಡಿ ನನಗೆ ಖುಷಿಗೆ ಅಳುವೇ ಬಂತು. ಲೇಸರ್ ತಾಗದ ಹುಳಗಳು ಹಸಿದ ನಾಯಿಯ ಹಾಗೆ ಕಚ್ಚಿದವು. ಲೇಸರ್ ತಾಗಿದವುಗಳಲ್ಲಿ ಅರ್ಧಕ್ಕರ್ಧ ಬೇಟೆಯ ಪಕ್ಕದಲ್ಲೇ ಹಾದು ಹೋಗುತ್ತವೆ, ಮೂಗು ತಾಗಿದರೂ ಬಾಯಿ ಹಾಕುವುದಿಲ್ಲ. ಊಹೆ ನಿಂತಿತು. ಮಾರ್ಗದರ್ಶಕರಿಗೆ ಫೋನ್ ಮಾಡಿದರೆ ಅವರು, "ಇನ್ನು ಮೂರು ಸಲ ಮಾಡಿ ಮುಗಿಸಿಬಿಡಿ. ಮಳೆಗಾಲ ಕಳೆಯೋದ್ರೊಳಗೆ ಪ್ರಬಂಧ ಕೊಡಿ, ನಿಮ್ಮ ಅವಧಿ ಅಲ್ಲಿಗೆ ಮುಗೀತದೆ" ಅಂದರು. ಆ ಅವಧಿ ಈಗಾಗಲೇ ಒಂದು ಸಲ ವಿಸ್ತರಣೆ ಆಗಿದ್ದು. ಅದರೊಳಗೆ ಕೊಡದಿದ್ದರೆ ನೋಂದಣಿ ರದ್ದು, ಐದು ವರ್ಷವೂ ನೀರಿಗೆ.

ನಾಲ್ಕನೇ ಸಲಕ್ಕೆ ಅಕ್ಕ ಇರಲಿಲ್ಲ. ಹೊಸನಗರದಲ್ಲಿ ತಂಗಿಯ ಮಗಳ ಮದುವೆ. ಹುಳ ನಾನೇ ಎತ್ತಿದೆ. ನಂಬರ್ ಹಾಕಿಕೊಡಿ ಅಂತ ರಸಾಯನಶಾಸ್ತ್ರದ ಗೆಳತಿಯನ್ನು ಕರೆದೆ. ಲೆಕ್ಕ ಮುಗಿಸಿ ಪಟ್ಟಿ ತೆಗೆದು ನೋಡಿದರೆ, ಲೇಸರ್ ತಾಗದ ಹುಳಗಳಲ್ಲೂ ಅರ್ಧದಷ್ಟು ಕಚ್ಚಿಲ್ಲ! ಅಕ್ಕ ಬಂದ ಮೇಲೆ ಐದನೇ ಸಲ ಮಾಡಿದೆವು, ಮತ್ತೆ ಮೊದಲಿನಷ್ಟೇ ಚೊಕ್ಕ. ಆರನೇ ಸಲ ಅಕ್ಕನಿಗೆ ಜ್ವರ, ನಾನೇ ಎತ್ತಿದೆ, ಮತ್ತೆ ಕೆಟ್ಟಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಇನ್‌ಕ್ಯುಬೇಟರ್ ಡೊಂಕು ಅಂದೆ. ನಮ್ಮದು ಹಳೆಯ ಫ್ರಿಜ್ಜಿಗೆ ಥರ್ಮೋಸ್ಟಾಟ್ ಜೋಡಿಸಿ ಮಾಡಿದ್ದು, ಮೇ ತಿಂಗಳ ಸೆಕೆಗೆ ಕರೆಂಟ್ ಹೋದರೆ ಮುಗಿಯಿತು. ಮೂರು ದಿನ ಗಂಟೆಗೊಮ್ಮೆ ಉಷ್ಣತೆ ಬರೆದೆ, ಅದು ಸರಿಯಾಗೇ ಇತ್ತು. ಬೇಟೆಯ ಮರಿಗಳು ಹಳತಾಗಿರಬೇಕು ಅಂತ ಹೊಸದಾಗಿ ಸೋಸಿದೆ. ಬ್ಯಾಕ್ಟೀರಿಯಾದಲ್ಲಿ ಬೂಷ್ಟು ಸೇರಿದೆಯಾ ಅಂತ ಎಲ್ಲ ಚೆಲ್ಲಿ ಬೇರೆ ಬೆಳೆಸಿದೆ. ರೈಲಿನ ಕುಲುಕಾಟಕ್ಕೆ ಸುಸ್ತಾಗಿವೆಯಾ ಅಂತ ಒಂದು ತಟ್ಟೆಯನ್ನು ಡಬ್ಬಿಯಲ್ಲಿಟ್ಟು ಸ್ಕೂಟರಿನಲ್ಲಿ ತಾಳಗುಪ್ಪಕ್ಕೆ ಹೋಗಿ ಬಂದೆ. ದಾರಿಯಲ್ಲಿ ಪರಿಚಯದವರು ಸಿಕ್ಕಿ "ಎಲ್ಲಿಗೆ ಮೇಡಂ ಡಬ್ಬಿ ಹಿಡ್ಕೊಂಡು?" ಅಂದರೆ "ಹುಳಕ್ಕೆ ಗಾಳಿ ತಿನ್ನಿಸೋಕೆ" ಅಂದೆ. ತಮಾಷೆ ಅಂದುಕೊಂಡರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಒಂದು ತಿಂಗಳು ಹೋಯಿತು. ಕೊನೆಗೆ ಉಳಿದಿದ್ದು ಒಂದೇ ಕಾರಣ, ನನ್ನ ಕೈ. ಎತ್ತುವಾಗ ನಾನು ಹುಳಕ್ಕೆ ನೋವು ಮಾಡುತ್ತಿದ್ದೇನೆ, ಅಕ್ಕನ ಕೈಯಲ್ಲಿ ಆ ತೊಂದರೆ ಇಲ್ಲ. ಸರಿ, ಅಕ್ಕನಿಂದ ಕಲಿಯೋಣ ಅಂತ ಹೊರಟೆ.

ಮಳೆ ಹಿಡಿದ ವಾರ ಅದು. ಸೂಕ್ಷ್ಮದರ್ಶಕಕ್ಕೆ ಎರಡು ಕಣ್ಣುಕೊಳವೆ ಇರುತ್ತವೆ. ಒಂದಕ್ಕೆ ಅಕ್ಕನ ಕಣ್ಣು, ಇನ್ನೊಂದಕ್ಕೆ ನನ್ನ ಮೊಬೈಲ್ ಕಟ್ಟಿ, ಮೊಬೈಲಿನಲ್ಲಿ ಅವರ ಕೈ ನೋಡುತ್ತಾ ಪಕ್ಕದಲ್ಲಿ ಕೂತೆ. ಲೇಸರ್ ತಾಗದ ಗುಂಪಿನ ತಟ್ಟೆ ಅದು. ಕೂದಲು ಒಂದು ಹುಳದ ಹತ್ತಿರ ಬಂತು, ಮೂಗನ್ನು ಮೆಲ್ಲಗೆ ಮುಟ್ಟಿತು, ಒಂದು ಗಳಿಗೆ ಕಾಯಿತು. ಹುಳ ಸೋಮಾರಿಯ ಹಾಗೆ ಸ್ವಲ್ಪ ಅಲುಗಿತು. ಕೂದಲು ಅದನ್ನು ಬಿಟ್ಟು ಮುಂದಿನದಕ್ಕೆ ಹೋಯಿತು. ಮುಂದಿನದು ಮುಟ್ಟಿದ ಕೂಡಲೇ ಸರಕ್ಕನೆ ಹಿಂದೆ ಸರಿಯಿತು. ಅಕ್ಕ ಅದನ್ನು ಎತ್ತಿಕೊಂಡರು.

"ಮೊದಲನೇದು ಯಾಕೆ ಬಿಟ್ರಿ ಅಕ್ಕ?"

"ಅದು ಗೊರಬಲು ಮೇಡಂ."

ನಾನು ನಕ್ಕೆ. "ಗೊರಬಲಾ? ಅಂದ್ರೆ?"

"ಅಂದ್ರೆ ಅದು ಕಚ್ಚೂದಿಲ್ಲ. ನೋಡಿದ್ರೇ ಗೊತ್ತಾಗ್ತದೆ. ಮದ್ದು ಹಾಕಿ ಮಲಗಿಸಿದ್ದಕ್ಕೋ ಎಂತದೋ, ಸೋತುಹೋಗಿದೆ. ಇದು ನೋಡಿ, ಇದು ರಾಶಿ. ಬಿಟ್ಟ ಕೂಡ್ಲೆ ಕಚ್ಚತದೆ."

"ಲೇಸರ್ ತಾಗಿದ್ದು ಇದ್ದಾವಲ್ಲ, ಅದ್ರಲ್ಲೂ ಹೀಗೇ ಆರಿಸ್ತೀರಾ?"

"ಅದ್ರಲ್ಲಿ ಆರ್ಸೂದು ಎಲ್ಲಿಂದ ಬಂತು? ಇರೂದೇ ಹದಿನೆಂಟು. ಅದ್ರಲ್ಲಿ ರಾಶಿ ಗೊರಬಲು ಎಲ್ಲ ಸೇರಿಸೇ ಹಾಕ್ತೀನಿ."

ಓದುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕು. ನೂರಾರು ಹುಳವಿದ್ದ ಗುಂಪಿನಲ್ಲಿ ಸೋತವನ್ನೆಲ್ಲ ಬಿಟ್ಟು ಗಟ್ಟಿ ಮೂವತ್ತನ್ನು ಆರಿಸಿದ್ದು, ಹದಿನೆಂಟೇ ಇದ್ದ ಗುಂಪಿನಲ್ಲಿ ಸೋತವನ್ನೂ ಸೇರಿಸಿ ಎಲ್ಲವನ್ನೂ ಹಾಕಿದ್ದು. ಒಂದು ಗುಂಪು ಕಚ್ಚಿತು, ಒಂದು ಕಚ್ಚಲಿಲ್ಲ ಅಂತ ನಾನು ಕುಣಿದಾಡಿದ ವ್ಯತ್ಯಾಸ ನರದ್ದಲ್ಲ, ಆರಿಸಿದ್ದರದ್ದು. ಲೇಸರ್ ಇರಲಿ ಬಿಡಲಿ, ಅರಿವಳಿಕೆಯಿಂದ ಎದ್ದ ಹುಳಗಳಲ್ಲಿ ಅರ್ಧ ಸೋತೇ ಇರುತ್ತವೆ. ಎಣಿಸುವಾಗ ನನ್ನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದೆ, ಆರಿಸುವ ಕೈಗೆ ಏನನ್ನೂ ಕಟ್ಟಿರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯಲ್ಲೂ ಹೇಳುತ್ತಾರೆ. ಎದ್ದು ನಿಂತು ಕೂಗಿದೆ. "ನಿಮಗೆ ಆರಿಸಿ ಅಂತ ಯಾರು ಹೇಳಿದ್ರು? ಇದೇನು ಅಡಿಕೆ ಮಂಡಿಯಾ? ಐದು ವರ್ಷ ಅಕ್ಕ, ಐದು ವರ್ಷ ಮಣ್ಣು ಮಾಡಿದ್ರಿ!" ಪ್ರಯೋಗಾಲಯದ ಬಾಗಿಲು ತೆರೆದಿತ್ತು, ಎದುರಿಗೇ ಸ್ಟಾಫ್ ರೂಮು. ಒಳಗಿದ್ದ ಐದಾರು ಜನ ಮಾತು ನಿಲ್ಲಿಸಿದ್ದು ನನಗೆ ಕೇಳಿಸಿತು, ಆದರೂ ನಾನು ನಿಲ್ಲಿಸಲಿಲ್ಲ. ತಲೆ ಇದೆಯಾ ಅಂತ ಕೇಳಿದೆ. ಓದದೇ ಇರುವವರನ್ನು ತಂದಿಟ್ಟುಕೊಂಡರೆ ಹೀಗೇ ಆಗುವುದು ಅಂತಲೂ ಅಂದೆ. ಅಕ್ಕ ತಟ್ಟೆಗೆ ಮುಚ್ಚಳ ಹಾಕಿದರು, ಸೂಕ್ಷ್ಮದರ್ಶಕದ ದೀಪ ಆರಿಸಿದರು, ಮೇಜು ಒರೆಸಿದರು, ಗೋಡೆಯ ಮೊಳೆಯಿಂದ ಕೊಡೆ ತೆಗೆದುಕೊಂಡು ಹೊರಟುಹೋದರು.

ಅವರು ಕೂತಿದ್ದ ಸ್ಟೂಲಿನ ಮೇಲೆ ನಾನು ಕೂತೆ. ಕಣ್ಣೆದುರಿಗೆ ಗೋಡೆಗೆ ಒಂದು ಚೀಟಿ ಅಂಟಿಸಿತ್ತು. ಕೆಲಸ ಶುರುವಾದ ದಿನ ನಾನೇ ಬರೆದು ಅಂಟಿಸಿದ್ದು, ಆಮೇಲೆ ಒಂದು ದಿನವೂ ತಿರುಗಿ ಓದಿರಲಿಲ್ಲ. "ಲೇಸರ್ ಆದದ್ದು ಒಂದನ್ನೂ ಬಿಡಬಾರದು. ಆಗದ್ದರಲ್ಲಿ ಚೆನ್ನಾಗಿರುವುದನ್ನು ನೋಡಿ ಮೂವತ್ತು ಆರಿಸಿ." ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ ಬೇರೆ. ಸತ್ತ ಹುಳ ಎತ್ತಬೇಡಿ ಅನ್ನುವ ಅರ್ಥದಲ್ಲಿ ಬರೆದಿದ್ದೆ ನಾನು. ಜೀವಮಾನವೆಲ್ಲ ಒಳ್ಳೆಯದು ಆರಿಸಿಯೇ ಊಟ ಮಾಡಿದ ಹೆಂಗಸಿಗೆ ಹಾಗೆ ಬರೆದುಕೊಟ್ಟರೆ ಅವರು ಇನ್ನೇನು ಮಾಡಬೇಕಿತ್ತು? ನನಗೆ ಎಷ್ಟು ನಾಚಿಕೆಯಾಯಿತು ಅಂದರೆ ಸಂಜೆ ಟೀಗೆ ಸ್ಟಾಫ್ ರೂಮಿಗೆ ಹೋಗಲಾಗಲಿಲ್ಲ.

ಮಾರ್ಗದರ್ಶಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. "ಅವಧಿ ವಿಸ್ತರಣೆಗೆ ಇನ್ನೊಂದು ಅರ್ಜಿ ಹಾಕೋಣ" ಅಂದರು. "ಕಾರಣ ನಾನು ಬರೆದು ಕಳಿಸ್ತೀನಿ, ನೀವು ಸಹಿ ಹಾಕಿ."

ಸಂಜೆಗೆ ಮೇಲ್ ಬಂತು. ತರಬೇತಿಯಿಲ್ಲದ ಸಹಾಯಕಿಯ ಕರ್ತವ್ಯಲೋಪದಿಂದ ಮಾದರಿಗಳು ಕೆಟ್ಟಿದ್ದರಿಂದ, ಅಂತ ಶುರುವಾಗಿತ್ತು. ಮತ್ತೆ ಫೋನ್ ಮಾಡಿದೆ.

"ಸರ್, ಆರಿಸಿ ಅಂತ ಬರೆದಿದ್ದು ನಾನು."

"ಅದು ನಂಗೂ ಅರ್ಥ ಆಗ್ತದಮ್ಮ. ಆದ್ರೆ ವಿದ್ಯಾರ್ಥಿಯ ತಪ್ಪಿಗೆ ಎರಡನೇ ಸಲ ವಿಸ್ತರಣೆ ಕೊಡಲ್ಲ. ಬೇರೆಯವರ ತಪ್ಪಾದ್ರೆ ಕೊಡ್ತಾರೆ. ಆಕೆ ಹೆಸರು ಎಲ್ಲೂ ಬರೆದಿಲ್ಲವಲ್ಲ, ಆಕೆಗೆ ಏನಾಗ್ತದೆ?"

ಏನಾಗುತ್ತದೆ ಅಂತ ಮರುದಿನವೇ ಗೊತ್ತಾಯಿತು. ಪ್ರಾಂಶುಪಾಲರು ಕರೆಸಿ, "ಏನೋ ಗಲಾಟೆ ಆಯ್ತಂತೆ. ಆ ಹೆಂಗಸನ್ನ ಬಿಡಿಸೋದಾ? ತಾತ್ಕಾಲಿಕದವರು, ನೀವೊಂದು ಪತ್ರ ಕೊಟ್ರೆ ಸಾಕು" ಅಂದರು. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಅದಕ್ಕೆ ಸಹಿ ಹಾಕಿದರೆ ಅದೇ ಆ ಪತ್ರ. ಯೋಚನೆ ಮಾಡಿ ಹೇಳುತ್ತೇನೆ ಅಂತ ಬಂದೆ. ಅರ್ಜಿಯನ್ನು ಪ್ರಿಂಟ್ ತೆಗೆದು ಚೀಲದಲ್ಲಿಟ್ಟುಕೊಂಡು ಎರಡು ದಿನ ತಿರುಗಿದೆ. ಹಾಕಿಬಿಡೋಣ, ಆಮೇಲೆ ಅಕ್ಕನಿಗೆ ಬೇರೆ ಕಡೆ ಕೆಲಸ ಕೊಡಿಸೋಣ ಅಂತಲೂ ಲೆಕ್ಕ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಪೆನ್ನೂ ತೆಗೆದಿದ್ದೆ. ಅಕ್ಕ ಆ ಎರಡೂ ದಿನ ಕೆಲಸಕ್ಕೆ ಬರಲಿಲ್ಲ.

ಭಾನುವಾರ ಸ್ಕೂಟರ್ ಹತ್ತಿ ಅವರ ಮನೆಗೆ ಹೋದೆ. ಹೊನ್ನೆಮರಡಿನ ದಾರಿಯಲ್ಲಿ ಒಳಗೆ ಒಂದು ಮೈಲಿ. ಅಕ್ಕ ಜಗಲಿಯಲ್ಲಿ ಕೂತು ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದರು. ನನ್ನನ್ನು ನೋಡಿ ಮಣೆ ತಳ್ಳಿ "ಕೂತ್ಕಳಿ" ಅಂದರು, ಕೈ ನಿಲ್ಲಿಸಲಿಲ್ಲ.

"ತಪ್ಪು ನಂದು ಅಕ್ಕ. ಚೀಟಿಲಿ ಹಾಗೆ ಬರೆದಿದ್ದು ನಾನೇ. ನೀವು ಬರೆದ ಹಾಗೇ ಮಾಡಿದೀರಿ."

"ಗೊತ್ತು ನಂಗೆ. ದಿನಾ ಕಣ್ಣೆದುರಿಗೇ ಇತ್ತಲ್ಲ."

"ಮತ್ತೆ ಅವತ್ತೇ ಹೇಳ್ಬೇಕಿತ್ತು ನೀವು."

"ಹೇಳೂಕೆ ಬಿಟ್ರಾ?" ಅಂದರು. ಇನ್ನೊಂದು ಎಲೆ ತೆಗೆದುಕೊಂಡು ಬೆನ್ನಿನ ನಾರು ಕೊಯ್ದರು. "ಒಂದು ಕೇಳ್ತೀನಿ ಮೇಡಂ. ಅವತ್ತು ನೀವು ಬೈದಿದ್ದು ಎಷ್ಟು ಜನ ಕೇಳಿದ್ರು? ಈಗ ತಪ್ಪು ನಂದು ಅಂದ್ರಲ್ಲ, ಇದನ್ನ ಎಷ್ಟು ಜನ ಕೇಳ್ತಾ ಇದಾರೆ?"

ಅಲ್ಲಿ ಕೇಳುತ್ತಿದ್ದದ್ದು ಒಂದು ಬೆಕ್ಕು. ಕಾಫಿ ಕೊಟ್ಟರು, ಕುಡಿದು ಬಂದೆ.

ಸೋಮವಾರ ಟೀ ಹೊತ್ತಿಗೆ ಸ್ಟಾಫ್ ರೂಮಿಗೆ ಹೋಗಿ ನಿಂತೆ. ಮೂವತ್ತು ಹುಡುಗರಿಗೆ ದಿನಾ ಪಾಠ ಮಾಡುವವಳಿಗೆ ಏಳು ಜನರ ಮುಂದೆ ಬಾಯಿ ಒಣಗಿತು. "ಮೊನ್ನೆ ನಾನು ಅಕ್ಕನಿಗೆ ಕೂಗಿದ್ದು ನೀವೆಲ್ಲ ಕೇಳಿದ್ರಿ. ತಪ್ಪು ಅವರದ್ದಲ್ಲ, ನಂದು. ನಾನು ಬರೆದುಕೊಟ್ಟ ಹಾಗೆ ಅವರು ಮಾಡಿದ್ರು" ಅಂದೆ. ಕನ್ನಡದ ಮೇಷ್ಟ್ರು ಏನೋ ತಮಾಷೆ ಮಾಡಲು ಬಾಯಿ ತೆರೆದವರು ನನ್ನ ಮುಖ ನೋಡಿ ಟೀ ಲೋಟ ಎತ್ತಿಕೊಂಡರು. ಮಾರ್ಗದರ್ಶಕರ ಅರ್ಜಿ ಹರಿದು, "ನನ್ನ ತಪ್ಪು ಸೂಚನೆಯಿಂದಾಗಿ" ಅಂತ ಬೇರೆ ಬರೆದು ಕೊಟ್ಟೆ. ಹತ್ತು ದಿನಕ್ಕೆ ಉತ್ತರ ಬಂತು. ವಿಸ್ತರಣೆ ಇಲ್ಲ, ಇರುವ ಅವಧಿಯಲ್ಲೇ ಮುಗಿಸತಕ್ಕದ್ದು. ಮೂರು ತಿಂಗಳೂ ಪೂರ್ತಿ ಉಳಿದಿರಲಿಲ್ಲ. ಅಕ್ಕ ಸೋಮವಾರದ ವಿಷಯ ಯಾರಿಂದಲೋ ಕೇಳಿಸಿಕೊಂಡು ಅದೇ ವಾರದ ಬುಧವಾರ ಬಂದಿದ್ದರು. ಬಂದವರು ಮೊದಲು ಗೋಡೆಯ ಚೀಟಿ ಕಿತ್ತು ನನ್ನ ಕೈಗೆ ಕೊಟ್ಟು, "ಈಗ ಹೆಂಗೆ ಮಾಡೂದು ಹೇಳಿ" ಅಂದರು.

ಹೊಸ ಕ್ರಮ ಮಾಡಿದೆವು. ತಟ್ಟೆಯ ಕೆಳಗೆ ಚೌಕ ಚೌಕ ಗೆರೆಯ ಗ್ರಾಫ್ ಹಾಳೆ ಇಡುವುದು, ಚೌಕಕ್ಕೊಂದು ನಂಬರು. ಡಬ್ಬಿಯಿಂದ ಒಂದು ಚೀಟಿ ಎತ್ತುವುದು, ಅದರಲ್ಲಿರುವ ಚೌಕದ ಮೂಲೆಗೆ ಹತ್ತಿರವಿರುವ ಹುಳ ಯಾವುದಾದರೂ ಸರಿ, ಸೋತಿರಲಿ ಗಟ್ಟಿಯಿರಲಿ, ಅದನ್ನೇ ಎತ್ತುವುದು. ಎರಡೂ ಗುಂಪಿನಿಂದ ಹದಿನೆಂಟು ಹದಿನೆಂಟು. ಗುಂಪಿನ ಪಟ್ಟಿ ಲಕೋಟೆಯಲ್ಲಿ ಹಾಕಿ ರಸಾಯನಶಾಸ್ತ್ರದ ಗೆಳತಿಯ ಬೀರುವಿನಲ್ಲಿಡುವುದು, ಕೊನೆಯವರೆಗೆ ತೆಗೆಯುವ ಹಾಗಿಲ್ಲ.

ಹೇಳಲು ಸುಲಭ. ಮೊದಲ ದಿನ ಅಕ್ಕ ಚೀಟಿ ಎತ್ತಿದರು, ಚೌಕ ಹುಡುಕಿದರು, ಅಲ್ಲಿದ್ದ ಹುಳದ ಮೇಲೆ ಕೂದಲು ಹಿಡಿದರು, ಕೈ ಕೆಳಗೆ ಇಳಿಯಲಿಲ್ಲ. "ಆಗೂದಿಲ್ಲ ಮೇಡಂ. ಇದು ಕೆಟ್ಟದ್ದು ಅಂತ ಕಣ್ಣಿಗೆ ಕಾಣ್ತಾ ಇದೆ. ಕೈ ಹೋಗೂದಿಲ್ಲ." ನಾನು ಎತ್ತುತ್ತೇನೆ ಅಂದರೆ ಅದಕ್ಕೂ ಬಿಡಲಿಲ್ಲ. ಒಂದು ಹುಳಕ್ಕೆ ಹತ್ತು ನಿಮಿಷ ತೆಗೆದುಕೊಂಡರು. ನಾಲ್ಕನೇ ದಿನದ ಹೊತ್ತಿಗೆ ಒಂದು ಉಪಾಯ ಕಂಡುಕೊಂಡರು. ಹುಳ ನೋಡುತ್ತಾ ಇರಲೇಬಾರದು, ಚೌಕದ ಮೂಲೆಯನ್ನು ಮಾತ್ರ ನೋಡಬೇಕು. "ಮುಖ ನೋಡಿದ್ರೆ ತಾನೆ ಅಂದ ಚಂದ" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾ ಎತ್ತುತ್ತಿದ್ದರು.

ಆಷಾಢ ಶ್ರಾವಣ ಹೀಗೇ ಕಳೆಯಿತು. ನಾಲ್ಕು ಸಲ ಬೆಂಗಳೂರಿಗೆ ಹೋಗಿ ಬಂದೆ. ಆಗುಂಬೆಯ ಕಡೆಯಿಂದ ಹೊಡೆದ ಮಳೆಗೆ ವಾರಗಟ್ಟಲೆ ಕರೆಂಟ್ ಇರಲಿಲ್ಲ, ಆದರೆ ಮಳೆಗಾಲದ ಸಾಗರವೇ ಇನ್‌ಕ್ಯುಬೇಟರ್, ಹುಳಕ್ಕೆ ತೊಂದರೆಯಾಗಲಿಲ್ಲ. ಇನ್ವರ್ಟರಿನ ದೀಪದಲ್ಲಿ ಎಣಿಸಿದೆ. ಲಕೋಟೆ ಒಡೆಯದೆ ಏನೂ ಹೇಳಲು ಬರುತ್ತಿರಲಿಲ್ಲ. ಆದರೂ ಪ್ರತಿ ಸಲ ಅರ್ಧ ಹುಳ ಕಚ್ಚಿ ಅರ್ಧ ಸುಮ್ಮನಿರುವುದನ್ನು ನೋಡಿ, ಸುಮ್ಮನಿದ್ದವೆಲ್ಲ ಲೇಸರಿನವೇ ಇರಲಿ ದೇವರೇ ಅಂತ ಕೈ ಮುಗಿದದ್ದುಂಟು. ವಿಜ್ಞಾನದವಳು ಹೀಗೆ ಹೇಳಬಾರದು.

ಪ್ರಬಂಧ ಕೊಡಲು ಇನ್ನು ಮೂರೇ ವಾರ ಇತ್ತು, ಬರೆಯಲು ಕೂರಲೇಬೇಕಿತ್ತು, ಹಾಗಾಗಿ ನಾಲ್ಕನೇ ಸಲಕ್ಕೆ ಕಾಯದೆ ಮೂರು ಸಲದ ಲಕೋಟೆಗಳನ್ನು ಒಡೆದೆವು. ನಾಲ್ಕನೇ ಸಲದ ಹುಳಗಳು ಆವತ್ತಷ್ಟೇ ಬೆಳೆದು ತಟ್ಟೆಯಲ್ಲಿದ್ದವು, ಅವನ್ನಿನ್ನೂ ಎತ್ತಿರಲಿಲ್ಲ. ಮಧ್ಯಾಹ್ನ ಮೂರು ಗಂಟೆ. ಅಕ್ಕ ಪಟ್ಟಿಯಿಂದ ನಂಬರು, ಗುಂಪು ಓದುತ್ತಾ ಹೋದರು, ನಾನು ಎದುರಿಗೆ ಕಚ್ಚಿದ ಲೆಕ್ಕ ಬರೆಯುತ್ತಾ ಹೋದೆ. ಎರಡನೇ ಪುಟದ ಹೊತ್ತಿಗೇ ಗೊತ್ತಾಗಿತ್ತು. ಅಕ್ಕನ ದನಿಯೂ ಸಣ್ಣದಾಗುತ್ತಾ ಬಂತು. ಲೇಸರ್ ತಾಗಿದವುಗಳಲ್ಲಿ ಎಷ್ಟು ಕಚ್ಚಿದ್ದವೋ ತಾಗದವುಗಳಲ್ಲೂ ಹೆಚ್ಚು ಕಡಿಮೆ ಅಷ್ಟೇ. ನನ್ನ ಜೋಡಿ ಕೋಶವನ್ನು ಕೊಂದರೂ ಹುಳ ಕಚ್ಚುತ್ತದೆ. ನಕ್ಷೆಯಲ್ಲಿ ವೈರು ಹಲ್ಲಿನ ಕಡೆ ಹೋಗಿದೆ ಅಂದ ಮಾತ್ರಕ್ಕೆ ಅದೇ ಸ್ವಿಚ್ ಅಂತ ನಾನು ನಂಬಿದ್ದೆ. ಎತ್ತು ಈಯಿತು ಅಂದ ಕೂಡಲೇ ಕೊಟ್ಟಿಗೆಗೆ ಕಟ್ಟಿದ್ದೆ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಅಧ್ಯಾಯ "ಊಹೆ ಸಾಬೀತಾಗಲಿಲ್ಲ" ಅಂತಲೇ ಪ್ರಬಂಧದಲ್ಲಿ ಹೋಗಿದೆ, ಮೊದಲ ಆರು ಸಲದ ಲೆಕ್ಕ ಯಾಕೆ ಕೈಬಿಟ್ಟೆ ಅನ್ನುವುದೂ ಅದರಲ್ಲಿದೆ. ಪರೀಕ್ಷಕರು ಒಪ್ಪುತ್ತಾರೋ ಇಲ್ಲವೋ, ಇನ್ನೂ ತಿಳಿದಿಲ್ಲ. ಮಾರ್ಗದರ್ಶಕರಿಗೆ ನನ್ನ ಮೇಲೆ ಸಿಟ್ಟಿಲ್ಲ, ಬೇಜಾರಿದೆ. ಆದರೆ ನಾನು ಬರೆಯಲು ಕೂತದ್ದು ಇದನ್ನು ಹೇಳುವುದಕ್ಕಲ್ಲ.

ಆ ಮಧ್ಯಾಹ್ನ ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಕ್ಕ ಎದ್ದು ಬಾಗಿಲು ಮುಂದೆ ಮಾಡಿದರು. ಬೆನ್ನ ಮೇಲೆ ಕೈಯಿಟ್ಟು ನಿಂತರು. ಸ್ವಲ್ಪ ಹೊತ್ತಿನ ಮೇಲೆ ನಾಲ್ಕನೇ ಸಲದ ತಟ್ಟೆಗಳನ್ನು ಸೂಕ್ಷ್ಮದರ್ಶಕದ ಹತ್ತಿರ ತಂದಿಟ್ಟುಕೊಂಡು ಕೂತರು. ದೀಪ ಹಾಕಿದರು. ಕೂದಲಿನ ಕಡ್ಡಿ ಕೈಯಲ್ಲಿತ್ತು.

"ಮೇಡಂ," ಅಂದರು, ನನ್ನ ಕಡೆ ತಿರುಗದೆ. "ಯಾವುದು ಕಚ್ಚತದೆ, ಯಾವುದು ಕಚ್ಚೂದಿಲ್ಲ ಅಂತ ನಂಗೆ ನೋಡಿದ ಕೂಡ್ಲೆ ಗೊತ್ತಾಗ್ತದೆ. ಈ ಸಲ ಆರ್ಸಿ ಕೊಡ್ಲಾ? ಚೀಟಿ ಎತ್ತಿದ ಹಾಂಗೇ ಬರೀತೀನಿ. ಯಾರಿಗೂ ಗೊತ್ತಾಗೂದಿಲ್ಲ. ನನ್ನಿಂದ ಹಾಳಾಗಿದ್ದು, ನಾನೇ ಸರಿ ಮಾಡಿ ಕೊಡ್ತೀನಿ."

ಬೇಡ ಅನ್ನಬೇಕಿತ್ತು. ಕೂಡಲೇ ಅನ್ನಬೇಕಿತ್ತು. ನಾನು ಅನ್ನಲಿಲ್ಲ. ಕಣ್ಣೊರೆಸಿಕೊಂಡು ತಟ್ಟೆಗಳನ್ನು ನೋಡಿದೆ. ಈ ಸಲದ್ದು ಚೊಕ್ಕ ಬಂದರೆ, ಮೊದಲಿನ ನಾಲ್ಕು ಚೊಕ್ಕದ ಜೊತೆ ಸೇರಿಸಿದರೆ, ಈ ಮೂರರ ತಪ್ಪನ್ನು ಮಳೆಗಾಲದ ಕರೆಂಟಿನ ಮೇಲೆ ಹಾಕಿಬಿಟ್ಟರೆ ಅಧ್ಯಾಯ ನಿಲ್ಲುತ್ತದೆ. ಇಷ್ಟನ್ನೂ ನಾನು ಲೆಕ್ಕ ಹಾಕಿದೆ, ಪೂರ್ತಿಯಾಗಿ, ಬಿಡಿಸಿ ಬಿಡಿಸಿ. ಗೊತ್ತಿಲ್ಲದೆ ಆರಿಸಿದ್ದಕ್ಕೆ ನಾನು ಈ ಹೆಂಗಸನ್ನು ಊರಿಗೆಲ್ಲ ಕೇಳುವ ಹಾಗೆ ಬೈದಿದ್ದೆ. ಈಗ ಅವರು ಗೊತ್ತಿದ್ದೂ, ನನಗೋಸ್ಕರ, ಆ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಳ್ಳಲು ತಯಾರಾಗಿ ಕೂತಿದ್ದರು. ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಸುಮ್ಮನಿದ್ದೆ ಅನ್ನುವುದು ಅಕ್ಕನಿಗೆ ಗೊತ್ತು. ನಾವಿಬ್ಬರೂ ಆಮೇಲೆ ಅದರ ಮಾತೆತ್ತಿಲ್ಲ.

ಕೊನೆಗೆ ಚೀಟಿಯ ಡಬ್ಬಿಯನ್ನು ಅವರ ಕಡೆ ತಳ್ಳಿದೆ. "ಚೀಟಿ ಎತ್ತಿ ಅಕ್ಕ" ಅಂದೆ. ದನಿ ಹೊರಗೆ ಬರಲಿಲ್ಲ, ಎರಡನೇ ಸಲ ಹೇಳಬೇಕಾಯಿತು.